ವಿಷದ ದಿಬ್ಬಕ್ಕೆ ಯಾರ ದುಡ್ಡು?

ಕಾರ್ಖಾನೆಯೋ ಗಣಿಯೋ ದಿವಾಳಿ ಎದ್ದರೆ ಅದರ ಯಂತ್ರ, ಕಟ್ಟಡ, ಜಮೀನು ಹರಾಜಿಗೆ ಬರುತ್ತವೆ. ನೆಲಕ್ಕಿಳಿದ ಸೀಸ, ಆರ್ಸೆನಿಕ್, ಸೈನೈಡ್‌ಗೆ ಮಾತ್ರ ಗಿರಾಕಿ ಇಲ್ಲ. ಕೆಡಿಸಿದವರೇ ತೆರಬೇಕು ಎಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ಬಿಛ್ರಿ ಗ್ರಾಮದ ಪ್ರಕರಣದಲ್ಲಿ 1996ರಲ್ಲೇ ಹೇಳಿದೆ. ತೆರಬೇಕಾದವರ ಖಜಾನೆಯೇ ಬರಿದಾಗಿದ್ದರೆ ಆ ಆದೇಶ ಕಾಗದದಲ್ಲೇ ಉಳಿಯುತ್ತದೆ.

2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್, ಮುಚ್ಚಿದ ಕಂಪನಿಯ ಆಸ್ತಿ ಮಾರಿ ಬಂದ ಹಣ ಯಾರಿಗೆ ಯಾವ ಸರದಿಯಲ್ಲಿ ಸೇರಬೇಕೆಂದು ಗೊತ್ತುಮಾಡಿದೆ. ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಸಾಲ. ಸರ್ಕಾರದ ಬಾಕಿ ಬಹಳ ಕೆಳಗೆ. ನೆಲ, ನೀರು ಶುದ್ಧಮಾಡುವ ವೆಚ್ಚಕ್ಕೆ ಪ್ರತ್ಯೇಕ ಜಾಗವೇ ಇಲ್ಲ. ಕಂಪನಿಯನ್ನು ಹೊಸ ಮಾಲೀಕರು ಕೊಂಡರೆ, ಹಳೆಯ ಆಡಳಿತದ ಅಪರಾಧಗಳಿಗೆ ಕಂಪನಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ 32ಎ ಸೆಕ್ಷನ್ 2020ರಲ್ಲಿ ಸೇರಿತು. ಕೆನಡಾದ ಸುಪ್ರೀಂ ಕೋರ್ಟ್ 2019ರ ರೆಡ್‌ವಾಟರ್ ತೀರ್ಪಿನಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು: ತೈಲಬಾವಿ ಮುಚ್ಚುವ ಹೊಣೆ ತೀರಿದ ಮೇಲೆಯೇ ಸಾಲ ಕೊಟ್ಟವರ ಪಾಲು.

ಶುದ್ಧಮಾಡಲು ಹಣವಿಲ್ಲದೆ ಗಣಿ ಮುಚ್ಚಿದರೆ ಏನಾಗುತ್ತದೆ ಎಂಬುದು ಕರ್ನಾಟಕದಲ್ಲಿ ಕಣ್ಣಿಗೆ ರಾಚುವುದು ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಆರಂಭಿಸಿದ ಗಣಿಗಾರಿಕೆ ಕೊನೆಗೆ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಕೈಗೆ ಬಂತು. ನಷ್ಟದಲ್ಲಿ ಮುಳುಗಿದ್ದ ಕಂಪನಿ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಸೈನೈಡ್‌ನಿಂದ ಚಿನ್ನ ಬಸಿದು ಸುರಿದ ಪುಡಿಮಣ್ಣು 13 ದಿಬ್ಬಗಳಲ್ಲಿ, ಸುಮಾರು 3.3 ಕೋಟಿ ಟನ್‌ನಷ್ಟು, ಹಾಗೇ ಉಳಿಯಿತು. ಬೇಸಿಗೆಯಲ್ಲಿ ಅದರ ದೂಳು ಕಾರ್ಮಿಕರ ಕಾಲೊನಿಗಳಿಗೆ ಹಾರುತ್ತದೆ. ಸುಮಾರು 1,003 ಎಕರೆಯ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿದ್ದು 2024ರಲ್ಲಿ. ದಿಬ್ಬದೊಳಗೆ ಅಳಿದುಳಿದ ಚಿನ್ನವೇ ಆ ಕೆಲಸಕ್ಕೆ ದುಡ್ಡು ಹುಟ್ಟಿಸಬೇಕು. ಟನ್ನಿಗೆ ಒಂದು ಗ್ರಾಂ ಆಸುಪಾಸು ಚಿನ್ನ ತೆಗೆದರೂ ಮಣ್ಣಿನ ತೂಕ ಕರಗುವುದಿಲ್ಲ. ಅದನ್ನು ಎಲ್ಲಿ, ಹೇಗೆ ಭದ್ರಪಡಿಸುತ್ತಾರೆ ಎಂಬುದೇ ಊರಿನವರಿಗೆ ಮುಖ್ಯ.

ಹಣ ಮೊದಲೇ ಕೂಡಿಟ್ಟ ಕಡೆ ಕಥೆ ಬೇರೆ. ಅಮೆರಿಕ 1980ರಲ್ಲಿ ತೈಲ ಮತ್ತು ರಾಸಾಯನಿಕ ಉದ್ಯಮದ ಮೇಲೆ ತೆರಿಗೆ ಹಾಕಿ ‘ಸೂಪರ್‌ಫಂಡ್’ ಕಟ್ಟಿತು. 1995ರಲ್ಲಿ ತೆರಿಗೆ ನಿಂತಾಗ ಭಾರ ಸಾರ್ವಜನಿಕ ಬೊಕ್ಕಸದ ಮೇಲೆ ಬಿತ್ತು. ಜನರಲ್ ಮೋಟಾರ್ಸ್ ದಿವಾಳಿಯಾದಾಗ ಅದರ 89 ಹಳೆಯ ನಿವೇಶನಗಳಿಗಾಗಿ 2011ರಲ್ಲಿ ಸುಮಾರು 77 ಕೋಟಿ ಡಾಲರ್‌ನ ಟ್ರಸ್ಟ್ ರಚನೆಯಾಯಿತು. ನಮ್ಮ ಬಳ್ಳಾರಿಯಲ್ಲಿ ಸುಪ್ರೀಂ ಕೋರ್ಟ್ ಅದಿರು ಮಾರಾಟದ ಹಣದಲ್ಲೇ ಒಂದು ಪಾಲು ಹಿಡಿದಿಟ್ಟು ಪುನಶ್ಚೇತನ ನಿಧಿ ಮಾಡಿಸಿದ್ದೂ ಇದೇ ಬಗೆಯದು.

ಯಾರ ದುಡ್ಡು ಎಂಬ ಪ್ರಶ್ನೆ ರಾಯಚೂರು ಜಿಲ್ಲೆ ಈಗಲೇ ಕೇಳಿಕೊಳ್ಳಬೇಕಾದದ್ದು, ಏಕೆಂದರೆ ಇಲ್ಲಿನ ಗಣಿ ಇನ್ನೂ ಗಳಿಸುತ್ತಿದೆ. ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿ ದೇವದುರ್ಗ ತಾಲ್ಲೂಕಿನ ಊಟಿ ಗಣಿಯ ಅದಿರನ್ನು ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಸಾಗಿಸಿ ಅರೆಯುತ್ತದೆ. ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಮಿಕ್ಕಿದ್ದೆಲ್ಲ ಹಟ್ಟಿಯ ದಿಬ್ಬ ಸೇರುತ್ತದೆ. ಸರ್ಕಾರಿ ಕಂಪನಿ ಎಂಬ ಧೈರ್ಯ ಸಾಲದು, ಕೆಜಿಎಫ್ ಕೂಡ ಸರ್ಕಾರದ್ದೇ ಆಗಿತ್ತು.

2025ರ ಜುಲೈನಲ್ಲಿ ಕೇಂದ್ರ ಹೊರಡಿಸಿದ ಕಲುಷಿತ ನಿವೇಶನ ನಿಯಮಗಳು ರಾಯಚೂರು ನಗರದಂಚಿನ ಔಷಧ, ರಾಸಾಯನಿಕ ಘಟಕಗಳಿಗೆ ಅನ್ವಯಿಸಬಲ್ಲವು. ಜಿಲ್ಲಾಡಳಿತ ಅಥವಾ ಸ್ಥಳೀಯ ಸಂಸ್ಥೆ ಶಂಕಿತ ಜಾಗಗಳನ್ನು ಪಟ್ಟಿಮಾಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷಿಸಬೇಕು. ಹೊಣೆಗಾರರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿ ಇಲ್ಲದಿದ್ದರೆ ಸಾರ್ವಜನಿಕ ಹಣ ಬಳಸಬೇಕು. ಆದರೆ ಗಣಿಗಾರಿಕೆಯ ಮಾಲಿನ್ಯವನ್ನು ಈ ನಿಯಮಗಳು ಹೊರಗಿಟ್ಟಿವೆ. ಗಣಿಗೆ ಉಳಿದಿರುವುದು ಮುಚ್ಚುವಿಕೆ ಯೋಜನೆಯ ಆರ್ಥಿಕ ಖಾತರಿ: 2021ರ ತಿದ್ದುಪಡಿಯಂತೆ ‘ಎ’ ವರ್ಗದ ಗಣಿಗೆ ಹೆಕ್ಟೇರಿಗೆ 5 ಲಕ್ಷ ರೂಪಾಯಿ, ‘ಬಿ’ ವರ್ಗಕ್ಕೆ 3 ಲಕ್ಷ. ಈ ಲೆಕ್ಕ ಬಳಸಿದ ನೆಲದ ವಿಸ್ತೀರ್ಣದ್ದು. ದಿಬ್ಬದ ಎತ್ತರವಾಗಲಿ ಅದರೊಳಗಿನ ಸೈನೈಡ್, ಆರ್ಸೆನಿಕ್ ಪ್ರಮಾಣವಾಗಲಿ ಅದರಲ್ಲಿ ಸೇರುವುದಿಲ್ಲ.