ಚಿಕ್ಕೋಡಿಯಲ್ಲಿ ಕೂತು ವಿಮಾನದ ಪಾಠ ಹೇಳಬಹುದೆ?

2021ರಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹೊಸ ವಿಮಾನ ಚಾಲನಾ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಾಗ ಕರ್ನಾಟಕದ ಪಾಲಿಗೆ ಎರಡು ಬಂದವು: ಬೆಳಗಾವಿ ಮತ್ತು ಕಲಬುರಗಿ. ಅದಕ್ಕೂ ಮೊದಲು ಪೈಲಟ್ ಆಗಬೇಕೆನ್ನುವ ರಾಯಬಾಗದ ಹುಡುಗಿ ಬೆಂಗಳೂರಿನ ಜಕ್ಕೂರಿನಲ್ಲಿರುವಂಥ ದೂರದ ಶಾಲೆಯ ಕಡೆಗೋ ಪರರಾಜ್ಯದ ಕಡೆಗೋ ಮುಖ ಮಾಡಬೇಕಿತ್ತು. ವಿಮಾನವೇನೋ ಬೆಳಗಾವಿಯ ಸಾಂಬ್ರಾ ನಿಲ್ದಾಣದವರೆಗೆ ಬಂತು, ಆದರೆ ಫೀಸು ಇಳಿಯಲಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಅದಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು. ಕಬ್ಬಿನ ಬಿಲ್ಲನ್ನೇ ನಂಬಿದ ಅಥಣಿಯ ಮನೆಯಲ್ಲಿ ಈ ಮಾತು ಹೊಲ ಅಡವಿಡುವ ಮಾತಾಗುತ್ತದೆ. ‘ನಮ್ಮ ಹುಡುಗಗ ಇದು ಆಗ್ತದೇನ್ರಿ?’ ಎಂದು ಅಪ್ಪ ಕೇಳಿದರೆ, ದುಡ್ಡು ಕಟ್ಟುವ ಮುಂಚೆ ನಿಷ್ಪಕ್ಷಪಾತವಾಗಿ ಉತ್ತರಿಸುವವರು ಊರಿನಲ್ಲಿ ಯಾರೂ ಇರುವುದಿಲ್ಲ. ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್ ಇಟ್ಟುಕೊಂಡು ಆನ್‌ಲೈನಿನಲ್ಲಿ ಪಾಠ ಹೇಳುವ ಶಿಕ್ಷಕನ ಕೆಲಸ ಹುಟ್ಟಬೇಕಾದದ್ದು ಈ ಖಾಲಿ ಜಾಗದಲ್ಲಿ. ಅದಕ್ಕೆ ಬೇಕಾದ ಮೂಲ ಬಂಡವಾಳ ದುಬಾರಿ ಯಂತ್ರವಲ್ಲ, ಲೆಕ್ಕ ಮತ್ತು ಭೌತಶಾಸ್ತ್ರವನ್ನು ಬಿಡಿಸಿ ಹೇಳುವ ಕಲೆ. ಅದು ಚಿಕ್ಕೋಡಿ ಸುತ್ತಿನ ತಾಲೂಕುಗಳಲ್ಲಿ ಸಿಗದ ಸರಕೇನೂ ಅಲ್ಲ.

ಇದು ಮಕ್ಕಳಾಟ ಎನ್ನುವವರು ಇತಿಹಾಸ ನೋಡಬೇಕು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ಆರ್ಗನ್ ವಾದ್ಯ ತಯಾರಿಸುವ ಮನೆತನದವನು. ಆ ವಾದ್ಯದ ಗಾಳಿತಿದಿಗಳನ್ನೇ ಬಳಸಿ 1929ರ ಹೊತ್ತಿಗೆ ನೆಲದ ಮೇಲೆ ಓಲಾಡುವ ವಿಮಾನದ ಪೆಟ್ಟಿಗೆ ಕಟ್ಟಿದ. ಮೊದಲು ಅದು ಜಾತ್ರೆಯ ಆಟಿಕೆಯಾಗಿಯೇ ಮಾರಾಟವಾಯಿತು. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡ ಮೇಲೆ ಅದೇ ಪೆಟ್ಟಿಗೆಯನ್ನು ಕೊಂಡಿತು. ಇಂದು ಏರ್‌ಲೈನ್ ಪೈಲಟ್‌ಗಳು ಹೊಸ ಮಾದರಿಯ ವಿಮಾನ ಕಲಿಯುವುದು ಬಹುಪಾಲು ಸಿಮ್ಯುಲೇಟರಿನಲ್ಲೇ. ಆದರೆ ಕೋಟಿಗಟ್ಟಲೆ ಬೆಲೆಯ ಆ ಯಂತ್ರವೂ ಮೇಜಿನ ಮೇಲಿನ ಕಂಪ್ಯೂಟರೂ ಒಂದೇ ಅಲ್ಲ. ಇಲ್ಲಿ ನೆರವಿಗೆ ಬರುವುದು ಸ್ಟ್ಯಾನ್ಲಿ ರಾಸ್ಕೋ ಎಂಬ ಮನೋವಿಜ್ಞಾನಿ 1971ರಲ್ಲಿ ಮುಂದಿಟ್ಟ ಮಾತು: ಸಿಮ್ಯುಲೇಟರಿನ ಮೊದಲ ಗಂಟೆಗಳು ನಿಜವಾದ ಹಾರಾಟದ ಸಮಯವನ್ನು ಚೆನ್ನಾಗಿ ಉಳಿಸುತ್ತವೆ, ಗಂಟೆ ಹೆಚ್ಚಿದಂತೆ ಆ ಲಾಭ ಕರಗುತ್ತದೆ. 1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಸಾದಾ ಕಂಪ್ಯೂಟರ್ ಆಧಾರಿತ ತರಬೇತಿಯನ್ನೇ ಪರೀಕ್ಷಿಸಿದಾಗಲೂ ಹೊಸ ಪಾಠ ಕಲಿಯುವಾಗ ಲಾಭ ಹೆಚ್ಚು, ಕಲಿತದ್ದನ್ನೇ ತಿದ್ದುವಾಗ ಕಡಿಮೆ ಎಂದು ಕಂಡಿತು. ಆನ್‌ಲೈನ್ ಶಿಕ್ಷಕನ ಎಲ್ಲೆ ಎಲ್ಲಿದೆ ಎಂಬುದು ಇದರಲ್ಲೇ ಇದೆ: ಅವನು ಆರಂಭದ ಮೇಷ್ಟ್ರು. ವರ್ಷಗಟ್ಟಲೆ ಫೀಸು ಕಟ್ಟಿಸಿಕೊಳ್ಳುವ ಹಕ್ಕು ಅವನಿಗಿಲ್ಲ.

ಆರಂಭದಲ್ಲಿ ಹೇಳಿಕೊಡಬೇಕಾದ್ದು ಕಡಿಮೆಯೇನಲ್ಲ, ಅದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಯೂ ಇಲ್ಲ. ಸಾಂಬ್ರಾ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಪ್ರಮಾಣಿತ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್; ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ವ್ಯತ್ಯಾಸ 25. ಪೈಲಟ್‌ಗಳ ಬಾಯಿಲೆಕ್ಕದಂತೆ ಡಿಗ್ರಿಗೆ 120 ಅಡಿ ಕೂಡಿಸಿದರೆ ಮತ್ತೆ 3,000 ಅಡಿ. ಎಂದರೆ ಅಂದು ವಿಮಾನದ ಎಂಜಿನ್ನಿಗೂ ರೆಕ್ಕೆಗೂ ಸಿಗುವುದು 5,500 ಅಡಿ ಎತ್ತರದ ತೆಳು ಗಾಳಿ. ಪುಟ್ಟ ಸೆಸ್ನಾ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕು. ಇದನ್ನು ಕರಿಹಲಗೆಯ ಮೇಲೆ ಬರೆಯಬಹುದು, ಆದರೆ ಸಿಮ್ಯುಲೇಟರಿನಲ್ಲಿ ಉಷ್ಣತೆ ಏರಿಸಿ ಅದೇ ರನ್‌ವೇಯಲ್ಲಿ ಎರಡು ಸಲ ಓಡಿಸಿದರೆ ವಿದ್ಯಾರ್ಥಿ ಮರೆಯುವುದಿಲ್ಲ. ಮಳೆಗಾಲದ ಪಾಠ ಬೇರೆ. ಪಶ್ಚಿಮಕ್ಕೆ ಮುಖ ಮಾಡಿದ 26ನೇ ರನ್‌ವೇಯ ದಿಕ್ಕು ಸುಮಾರು 260 ಡಿಗ್ರಿ. ಗಾಳಿ 230 ಡಿಗ್ರಿಯಿಂದ 20 ನಾಟ್ ಬೀಸಿದರೆ ಕೋನ 30. ಸೈನ್ 30 ಎಂದರೆ ಅರ್ಧ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿದ ಹುಡುಗನಿಗೆ ಅಡ್ಡಗಾಳಿ 10 ನಾಟ್ ಎಂಬುದು ತಟ್ಟನೆ ಹೊಳೆಯುತ್ತದೆ. ತ್ರಿಕೋನಮಿತಿ ಯಾಕೆ ಕಲಿಯಬೇಕು ಎಂಬ ಹಳೆಯ ಪ್ರಶ್ನೆಗೂ ಅಲ್ಲೇ ಉತ್ತರ! ನೆಲ ನೋಡಿ ದಾರಿ ಹಿಡಿಯುವ ಪಾಠಕ್ಕಂತೂ ಈ ಸೀಮೆ ಹೇಳಿ ಮಾಡಿಸಿದಂತಿದೆ. ಸಾಂಬ್ರಾದಿಂದ ಉತ್ತರಕ್ಕೆ ಹಾರಿದರೆ ಎಡಗಡೆ ಸಂಕೇಶ್ವರ, ನಿಪ್ಪಾಣಿ ಮೇಲೆ ಕೊಲ್ಹಾಪುರದತ್ತ ಹೋಗುವ ಹೆದ್ದಾರಿ, ಬಲಗಡೆ ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ದಾಟಿ ಮಿರಜಿಗೆ ಸೇರುವ ರೈಲುಹಳಿ, ಅಡ್ಡಲಾಗಿ ಕೃಷ್ಣೆ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಉಪಗ್ರಹ ಚಿತ್ರಗಳಿಂದಲೇ ನೆಲವನ್ನು ತೋರಿಸುವುದರಿಂದ ಕಾಗವಾಡದ ವಿದ್ಯಾರ್ಥಿ ತನ್ನೂರನ್ನು ತಾನೇ ಹುಡುಕಬಲ್ಲ. ಅಷ್ಟು ಶಕ್ತಿಯ ಕಂಪ್ಯೂಟರ್ ಇಲ್ಲದವರಿಗೆ ಫ್ಲೈಟ್‌ಗೇರ್ ಎಂಬ ಉಚಿತ ತಂತ್ರಾಂಶವಿದೆ. ಚಂದ ಕಡಿಮೆ, ಆದರೆ ಲೆಕ್ಕ ಅದೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ವಿಮಾನ ಶಾಲೆಗಳ ತರಬೇತುದಾರರದು: ಮನೆಯಲ್ಲಿ ಕಲಿತು ಬಂದ ಹುಡುಗರು ಕಿಟಕಿಯ ಹೊರಗೆ ನೋಡುವುದೇ ಇಲ್ಲ, ಕಣ್ಣು ಮೀಟರುಗಳಿಗೆ ಅಂಟಿರುತ್ತದೆ, ಆ ಚಾಳಿ ಬಿಡಿಸುವುದರಲ್ಲೇ ದುಬಾರಿ ಗಂಟೆಗಳು ಕಳೆಯುತ್ತವೆ. ಮಾತು ನಿಜ. ವಿಮಾನದ ಭಾರ ಕೈಗೆ ತಿಳಿಯುವುದು, ತಿರುವಿನಲ್ಲಿ ಮೈ ಕುಗ್ಗುವುದು, ನೆಲ ಮುಟ್ಟುವ ಕ್ಷಣದ ಅಂದಾಜು, ಯಾವುದೂ ಪರದೆಯಲ್ಲಿಲ್ಲ. ಆದರೆ ಚಾಳಿ ಬೀಳುವುದು ಹೆಚ್ಚಾಗಿ ಒಬ್ಬನೇ ಕೂತು ಆಡುವವನಿಗೆ. ಮೀಟರುಗಳನ್ನು ಮುಚ್ಚಿ ದಿಗಂತ ನೋಡಿಸುವ, ಲ್ಯಾಂಡಿಂಗ್ ಕಲಿಸುತ್ತೇನೆಂದು ಹೇಳದ ಶಿಕ್ಷಕ ಆನ್‌ಲೈನಿನಲ್ಲಿ ಜೊತೆಗಿದ್ದರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಹಾಗಾಗಿ ಈ ಆಕ್ಷೇಪ ಶಿಕ್ಷಕ ಬೇಡ ಎನ್ನುವುದಕ್ಕಿಂತ ಬೇಕು ಎನ್ನುವುದಕ್ಕೇ ಆಧಾರ.

ಪೈಲಟ್ ಅಲ್ಲದವನಿಗೆ ಕಲಿಸುವ ಅರ್ಹತೆ ಎಲ್ಲಿಯದು ಎಂಬುದು ಎರಡನೆಯ ಪ್ರಶ್ನೆ. ಹಾರಾಟ ಕಲಿಸುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಶಾಲೆಗೆ ಮಾತ್ರ, ಅದರಲ್ಲಿ ವಾದವಿಲ್ಲ. ನ್ಯಾವಿಗೇಷನ್, ಹವಾಮಾನ, ವಾಯುನಿಯಮಗಳ ಲಿಖಿತ ಪರೀಕ್ಷೆಗಳಿಗೆ ತಯಾರಿ ಮಾಡಿಸುವುದು ಬೇರೆ ಕೆಲಸ. ಅದನ್ನೂ ಸ್ವತಃ ಆ ಪತ್ರಿಕೆಗಳನ್ನು 70 ಅಂಕ ದಾಟಿ ಪಾಸು ಮಾಡಿದವನೇ ಮಾಡಬೇಕು, ಬರೀ ಆಟದ ಹುಚ್ಚಿನವನಲ್ಲ. ಲೈಸೆನ್ಸ್ ಪಡೆದು ಏರ್‌ಲೈನ್ ಕೆಲಸಕ್ಕೆ ಕಾಯುತ್ತಿರುವ ತರುಣರು ಇದಕ್ಕೆ ತಕ್ಕವರು. ಪಿಯು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರೂ ಓದಿಕೊಂಡು ಆ ಪತ್ರಿಕೆಗಳನ್ನು ಪಾಸು ಮಾಡಿದರೆ ತಕ್ಕವರೇ. ಇನ್ನು ರೇಡಿಯೋ ಮಾತೆಲ್ಲ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಪಾಠವೇಕೆ ಎನ್ನುವವರಿದ್ದಾರೆ. ರೇಡಿಯೋದಲ್ಲಿ ಹೇಳುವುದನ್ನು ಇಂಗ್ಲಿಷಿನಲ್ಲೇ ಗಿಣಿಪಾಠ ಮಾಡಿಸಬೇಕು, ಯಾಕೆ ಹೇಳಬೇಕೆಂಬುದನ್ನು ಮನೆಮಾತಿನಲ್ಲಿ ತಿಳಿಸಬೇಕು. ಕನ್ನಡ, ಮರಾಠಿ ಎರಡೂ ನಾಲಿಗೆಯ ಮೇಲಿರುವ ನಿಪ್ಪಾಣಿಯ ಶಿಕ್ಷಕನಿಗೆ ಸಾಂಗಲಿ, ಕೊಲ್ಹಾಪುರದ ವಿದ್ಯಾರ್ಥಿಗಳೂ ಸಿಗುತ್ತಾರೆ. ಗಡಿಯ ಜಗಳದಲ್ಲೇ ಹೆಸರಾದ ಸೀಮೆಗೆ ಇದೊಂದು ಲಾಭದ ಬಾಬತ್ತು.

ಇದರಿಂದ ಹೊಟ್ಟೆ ತುಂಬುತ್ತದೆಯೆ? ಮೊದಲಿಗೆ ತುಂಬುವುದಿಲ್ಲ, ಬೇರೆ ಕೆಲಸದ ಜೊತೆಗೆ ಸಂಜೆ ಹೊತ್ತಿನ ಆದಾಯ ಎಂದು ಇಟ್ಟುಕೊಂಡರೆ ಸರಿ. ಇಲ್ಲದಿದ್ದರೆ ವಿದ್ಯಾರ್ಥಿಯನ್ನು ಬಿಟ್ಟುಕೊಡಲಾಗದ ಸಂಕಟ ಶಿಕ್ಷಕನಿಗೆ ಬರುತ್ತದೆ, ಆಗ ಸುಳ್ಳು ಭರವಸೆ ಶುರುವಾಗುತ್ತದೆ. ಕೆಲವೇ ಪಾಠಗಳ ನಂತರ ‘ನಿನಗೆ ಇದರಲ್ಲಿ ಆಸಕ್ತಿ ಇಲ್ಲ, ಅಪ್ಪನ ದುಡ್ಡು ಉಳಿಸು’ ಎನ್ನಬಲ್ಲವನೇ ಒಳ್ಳೆಯ ಶಿಕ್ಷಕ. ತಂದೆತಾಯಿಗಳು ಎರಡು ವಿಷಯ ನೆನಪಿಡಲಿ. ಯಾವ ಪಾಠಕ್ಕೂ ಮೊದಲು ಮಗನ ಅಥವಾ ಮಗಳ ವೈದ್ಯಕೀಯ ತಪಾಸಣೆಯನ್ನು ಮಹಾನಿರ್ದೇಶನಾಲಯ ಒಪ್ಪಿದ ವೈದ್ಯರಲ್ಲಿ ಮಾಡಿಸಿ. ಮತ್ತು ಮನೆಯ ಕಂಪ್ಯೂಟರಿನಲ್ಲಿ ಹಾರಿಸಿದ ಒಂದು ಗಂಟೆಯೂ ಲೈಸೆನ್ಸಿನ 200 ಗಂಟೆಗಳಲ್ಲಿ ಸೇರುವುದಿಲ್ಲ. ಸೇರುತ್ತದೆ ಎಂದು ಹೇಳುವವರಿಗೆ ಫೀಸು ಕಟ್ಟಬೇಡಿ.