ಮುರಿಯುವ ಮೊದಲೇ ಅಳೆಯಿರಿ

ಶೇಡಬಾಳದ ಸೀಮೆಯಲ್ಲಿ ಕಬ್ಬಿನ ಕಟಾವು ಮೊದಲಾದ ಮೇಲೆ ಸಕ್ಕರೆ ಕಾರಖಾನೆಯ ಒಂದು ಪಂಪು ಕೆಟ್ಟು ಕೆಲಸ ನಿಂತರೂ ಕಡಿದ ಕಬ್ಬು ಒಣಗಿ ರೈತನಿಗೆ ತೂಕದಲ್ಲಿ ನಷ್ಟವಾಗುವದು. ಹಳೆಯ ಯಂತ್ರಗಳ ನಕ್ಷೆಗಳು ಅನೇಕ ವೇಳೆ ದೊರೆಯುವದಿಲ್ಲ. ಇಂಥಲ್ಲಿ ಮೂರು ಆಯಾಮಗಳ ಸ್ಕ್ಯಾನರು ಉಪಕಾರಿಯಾಗಿರುವದು. ಅದು ಭಾಗದ ಮೇಲೆ ಬೆಳಕು ಚೆಲ್ಲಿ ಲಕ್ಷಾವಧಿ ಬಿಂದುಗಳ ಅಳತೆಯನ್ನು ಗಣಕಯಂತ್ರಕ್ಕೆ ಒಪ್ಪಿಸುವದು. ಅದರಿಂದ ಹೊಸ ನಕ್ಷೆಯನ್ನು ರಚಿಸಬಹುದು. ತಯಾರಾದ ಭಾಗವನ್ನು ಪುನಃ ಸ್ಕ್ಯಾನು ಮಾಡಿ ನಕ್ಷೆಯೊಡನೆ ಹೋಲಿಸಿದರೆ, ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬದು ಬಣ್ಣಗಳಿಂದಲೇ ತಿಳಿಯುವದು.

ಆದರೆ ಸ್ಕ್ಯಾನರು ಇದ್ದುದನ್ನು ತೋರಿಸುವದೇ ಹೊರತು ಇರಬೇಕಾದುದನ್ನಲ್ಲ. ಸವೆದ ಭಾಗವನ್ನು ಹಾಗೆಯೇ ನಕಲು ಮಾಡಿದರೆ ಸವಕಳಿಯನ್ನೇ ಎರಕ ಹೊಯ್ದಂತಾಗುವದು. ಬೆಳಕು ತಲುಪದ ಒಳಪೊಳ್ಳುಗಳನ್ನು ಅದು ಕಾಣದು. ಬೀಡುಕಬ್ಬಿಣವು ಆರುವಾಗ ನೂರಕ್ಕೆ ಸುಮಾರು 1ರಷ್ಟು ಕುಗ್ಗುವದರಿಂದ ಎರಕದ ಮಾದರಿಯನ್ನು ಅಷ್ಟು ಹಿರಿದಾಗಿಸಬೇಕು. ಇವೆಲ್ಲ ನುರಿತ ಕೆಲಸಗಾರನ ವಿವೇಕಕ್ಕೆ ಸೇರಿದವು.

ಈ ಜಿಲ್ಲೆಗೆ ಅಂಥ ವಿವೇಕವು ಹೊಸದಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ನೆಲೆಗೊಳಿಸಿದರು. ಇಂದು ಬೆಳಗಾವಿಯು ಎರಕದ ಕಾರಖಾನೆಗಳಿಗೆ ಹೆಸರಾಗಿರುವದು.

ಆದುದರಿಂದ ನಾವು ಕಾರಖಾನೆಗಳ ಚಾಲಕರಲ್ಲಿ ಸೂಚಿಸುವದಿಷ್ಟೇ: ಹಂಗಾಮು ಮುಗಿದು ಯಂತ್ರಗಳು ವಿಶ್ರಮಿಸುವ ತಿಂಗಳುಗಳಲ್ಲಿ, ಮುಖ್ಯ ಭಾಗಗಳು ಸುಸ್ಥಿತಿಯಲ್ಲಿರುವಾಗಲೇ ಅವನ್ನು ಅಳೆಯಿಸಿ ನಕ್ಷೆಗಳನ್ನು ಕಾದಿರಿಸಬೇಕು. ಮುರಿದ ಮೇಲೆ ಅಳೆಯಹೊರಟರೆ ಅದರ ದಂಡವನ್ನು ರೈತನು ತೆರಬೇಕಾಗುವದು.