ಬರೆಯುತ್ತ ಬಲಿಯುವ ನಂಬಿಕೆ

ಕಥೆ, ಕವಿತೆ ಬರೆಯುವ ಆಸೆಯಿದ್ದವರು ಬಹಳ ಮಂದಿ ‘ನನ್ನಿಂದಾದೀತೇ’ ಎಂಬ ಅನುಮಾನದಲ್ಲೇ ವರ್ಷಗಟ್ಟಲೆ ಕಳೆಯುತ್ತಾರೆ. ಮೊದಲು ಧೈರ್ಯ ಬರಲಿ, ಆಮೇಲೆ ಬರೆದರಾಯಿತು ಎಂದು ಕಾಯುತ್ತಾರೆ. ಕನ್ನಡದ ಲೇಖಕರು ಬೆಳೆದ ಬಗೆ ನೋಡಿದರೆ ಈ ಕ್ರಮ ತಿರುವುಮುರುವಾಗಿದೆ. ಬರೆದ ಮೇಲೆ, ಬರೆದದ್ದನ್ನು ಇನ್ನೊಬ್ಬರು ಓದಿದ ಮೇಲೆ ಅವರಲ್ಲಿ ನಂಬಿಕೆ ಬಲಿತಿದೆ.

ಕುವೆಂಪು ಅವರ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು; ಆದರೂ ಅದನ್ನು ನಿಧಾನವಾಗಿ ನೋಡಬೇಕು. ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಹುಡುಗ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಕವನ ಸಂಕಲನವೂ ಅಚ್ಚಾಯಿತು. ಉತ್ಸಾಹಕ್ಕೆ ಕೊರತೆಯಿರಲಿಲ್ಲ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ಮೆಚ್ಚುಗೆಯ ನಿರೀಕ್ಷೆಯಲ್ಲಿದ್ದವನಿಗೆ ಸಿಕ್ಕಿದ್ದು, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂಬ ಪ್ರಶ್ನೆ. ಹೊಸ ಭಾವಗಳನ್ನು ಹೊರುವ ಶಕ್ತಿ ಕನ್ನಡಕ್ಕಿಲ್ಲ ಎಂದೇ ಆಗ ಅವನು ತಿಳಿದಿದ್ದ. ಯಾವ ಭಾಷೆಯೂ ಅಷ್ಟು ಬಡವಲ್ಲ, ಬಳಸುವವರು ಬಳಸಬೇಕು ಎಂಬುದು ಕಸಿನ್ಸ್ ಕೊಟ್ಟ ಬುದ್ಧಿಮಾತಿನ ಸಾರ. ಮಾತು ಆ ಕ್ಷಣಕ್ಕೆ ಕಹಿಯಾಗಿಯೇ ಇತ್ತು. ಆದರೆ ಕನ್ನಡ ಕವಿತೆ ಅಲ್ಲಿಂದ ಶುರುವಾಯಿತು. ಅದೇ ವರ್ಷ ‘ಅಮಲನ ಕಥೆ’ ಹೊರಬಂತು.

ಒಂದು ಮಾತಿನಿಂದ ಲೇಖಕ ಹುಟ್ಟುವುದಿಲ್ಲ, ನಿಜ. ಕಾಲೇಜಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರಂಥ ಗುರು ಸಿಕ್ಕಿದ್ದು, ಬರೆದದ್ದನ್ನು ಕೇಳಿ, ತೂಗಿ ನೋಡುವ ಹಿರಿಯರಿದ್ದದ್ದು ಅಷ್ಟೇ ದೊಡ್ಡ ಸಂಗತಿ. ಸುಮಾರು ಒಂದು ದಶಕ ಹಿಡಿದ ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಪ್ರಕಟವಾಗತೊಡಗಿದಾಗ ವೆಂಕಣ್ಣಯ್ಯನವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೇ. ಅದಕ್ಕೆ 1967ರ ಜ್ಞಾನಪೀಠ ಬಂದಾಗ ಲೋಕದ ಮನ್ನಣೆ ಪೂರ್ತಿಯಾಯಿತು. ಕವಿಗೆ ಬೇಕಿದ್ದ ಧೈರ್ಯ ಅದಕ್ಕೆ ಎಷ್ಟೋ ಮುಂಚೆ ತರಗತಿಯಲ್ಲಿ, ಗೆಳೆಯರ ನಡುವೆ ಸಿಕ್ಕಿತ್ತು.

ಸಾಹಿತ್ಯವನ್ನೇ ಓದಿದವರು ಮಾತ್ರ ಬರೆಯಬಲ್ಲರು ಎಂಬ ಅಳುಕು ಇನ್ನೊಂದು ತಡೆ. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಭೂವಿಜ್ಞಾನ. ಕಲ್ಲು, ಖನಿಜಗಳ ಪಾಠದ ಜೊತೆಗೇ ಕವಿತೆ ನಡೆಯಿತು. ಮೊದಲ ಸಂಕಲನ ‘ಮನಸು ಗಾಂಧಿ ಬಜಾರು’ 1960ರಲ್ಲಿ ಬಂತು. 1978ರ ‘ನಿತ್ಯೋತ್ಸವ’ ಧ್ವನಿಸುರುಳಿ ಅವರ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿತು.

ಹಾಸನದ ಬಾನು ಮುಷ್ತಾಕ್ ಅವರ ಹಾದಿ ಇನ್ನೂ ಕಠಿಣ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರುವಾಗ, ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕು ಎಂಬ ಷರತ್ತು ಹಾಕಿದ್ದರು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮೊದಲ ಕಥೆ ‘ಪ್ರಜಾಮತ’ದಲ್ಲಿ ಅಚ್ಚಾಯಿತು. ‘ಲಂಕೇಶ್ ಪತ್ರಿಕೆ’ಯ ವರದಿಗಾರಿಕೆ, ಬಂಡಾಯ ಚಳವಳಿ, ವಕೀಲಿ ವೃತ್ತಿ ಇವೆಲ್ಲ ಕಥೆಗಳಿಗೆ ಜನರನ್ನು, ಅವರ ಮಾತನ್ನು ತಂದುಕೊಟ್ಟವು. ಮಸೀದಿ ಪ್ರವೇಶಿಸುವ ಮಹಿಳೆಯರ ಹಕ್ಕನ್ನು ಬೆಂಬಲಿಸಿದ್ದಕ್ಕೆ 2000ದಲ್ಲಿ ಬೆದರಿಕೆ, ಸಾಮಾಜಿಕ ಬಹಿಷ್ಕಾರ ಎದುರಾದವು. ಬರವಣಿಗೆಯ ಮೇಲಿನ ನಂಬಿಕೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. ಹೊಗಳಿಕೆಯ ಮೇಲೆ ನಿಂತ ಧೈರ್ಯ ಅಂಥ ಹೊತ್ತಿನಲ್ಲಿ ಕುಸಿಯುತ್ತದೆ. ಹೇಳಲೇಬೇಕಾದ ಸಂಗತಿಯ ಮೇಲೆ ನಿಂತದ್ದು ಉಳಿಯುತ್ತದೆ. 2025ರ ಮೇ ತಿಂಗಳಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು, ಕನ್ನಡಕ್ಕೆ ಇದು ಮೊದಲನೆಯದು. ಪ್ರಶಸ್ತಿಯನ್ನು ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ ಹಂಚಿಕೊಂಡಾಗ ಬಾನು ಅವರಿಗೆ 77 ವರ್ಷ. ಆ ಕಥೆಗಳಲ್ಲಿ ಹಳೆಯವು 1990ರ ಸುಮಾರಿನವು.

ಹೊಸಬರಿಗೆ ಇಂದೂ ಮೊದಲ ಮೆಟ್ಟಿಲು ಪತ್ರಿಕೆಗಳೇ. ವಾರಪತ್ರಿಕೆಗಳ ಕಥಾ ವಿಭಾಗ, ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆ ಇಂಥವು ಅಪರಿಚಿತ ಹೆಸರಿಗೂ ಓದುಗರನ್ನು ಒದಗಿಸುತ್ತವೆ. ಕಥೆ ಹಿಂದಿರುಗಿ ಬಂದರೆ ಅದನ್ನು ತಿಂಗಳೊಪ್ಪತ್ತು ಬದಿಗಿಟ್ಟು, ಗಟ್ಟಿಯಾಗಿ ಓದಿಕೊಂಡು, ನಾಲಿಗೆ ತೊಡರಿದ ವಾಕ್ಯಗಳನ್ನು ತಿದ್ದಿ ಮತ್ತೆ ಕಳಿಸಬಹುದು. ಸಂಪಾದಕರ ತಿರಸ್ಕಾರ ಆ ಒಂದು ಬರಹಕ್ಕೆ ಸಂಬಂಧಿಸಿದ್ದು. ಬರೆದವರ ಯೋಗ್ಯತೆಯ ತೀರ್ಪೆಂದು ಅದನ್ನು ಓದಬೇಕಾಗಿಲ್ಲ.